ಎರಡನೆಯ ಪಿಸ್ತೂಲು

ಡೆಸ್ಮಂಡ್ ಗೇದರ್‌ಗೆ ಪಿಸ್ತೂಲು ಆರಿಸಿಕೊಟ್ಟವನು ನಾನೇ. ಅವನ ಮೇಲೆ ಗುಂಡು ಹಾರಿಸಿದ ಕೋರಿ ಲಿಂಡ್‌ಕ್ವಿಸ್ಟ್‌ಗೆ ಗುರಿ ಹಿಡಿಯಲು ಕಲಿಸಿದವನೂ ನಾನೇ. ಈ ಎರಡು ಮಾತು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ಹೇಳಲು ನನಗೆ ಸ್ವಲ್ಪ ಧೈರ್ಯ ಬರುತ್ತದೆ.

ನನ್ನ ಹೆಸರು ವಾಲ್ಟ್ ಡ್ರಾಬೆಕ್. ಓಹಾಯೋದ ಕೆಲ್ಬರ್ನ್ ಊರಿನ ಪೊಲೀಸ್ ಠಾಣೆಯಲ್ಲಿ ಮೂವತ್ತೊಂದು ವರ್ಷ ದುಡಿದೆ. ಕೊನೆಯ ಹನ್ನೆರಡು ವರ್ಷ ಸಾರ್ಜೆಂಟ್ ಆಗಿ, ನಮ್ಮ ನಲವತ್ತು ಜನರಿಗೆ ಬಂದೂಕಿನ ಕೆಲಸ ಕಲಿಸುವವನಾಗಿದ್ದೆ. ಸೊಂಟಕ್ಕೆ ಕಟ್ಟುವ ಮೊದಲನೆಯ ಪಿಸ್ತೂಲನ್ನು ಇಲಾಖೆಯೇ ಕೊಡುತ್ತದೆ. ಎರಡನೆಯದು ಅವರವರದು. ಡ್ಯೂಟಿಯಲ್ಲಿದ್ದಾಗ ಅದು ಪ್ಯಾಂಟಿನೊಳಗೆ ಕಣಕಾಲಿಗೆ ಕಟ್ಟಿಕೊಂಡಿರುತ್ತದೆ, ಮೊದಲನೆಯದು ಕೈಕೊಟ್ಟರೆ ಇರಲಿ ಎಂದು. ರಜೆಯ ದಿನ ಅಂಗಿಯೊಳಗೆ ಸೇರುತ್ತದೆ. ಯಾವುದನ್ನು ಬೇಕಾದರೂ ಕೊಳ್ಳಬಹುದು, ಆದರೆ ನನ್ನೆದುರು ಐವತ್ತು ಗುಂಡು ಹಾರಿಸಿ, ನನ್ನ ಸಹಿ ಪಡೆದ ಮೇಲೆಯೇ ಅದನ್ನು ಮೈಮೇಲೆ ಇಟ್ಟುಕೊಳ್ಳಬೇಕು.

ಹೊಸಬರು ಬಂದರೆ ಎಲ್ಲರಿಗೂ ಚಿಕ್ಕದೇ ಬೇಕು. ಅಂಗಡಿಯ ಗಾಜಿನ ಹಿಂದೆ ಅಂಗೈ ಅಗಲದ ಪಿಸ್ತೂಲು ಕಂಡರೆ ಒಡವೆ ಕಂಡ ಹಾಗೆ ಮಾಡುತ್ತಾರೆ. ಹೊರುವುದಕ್ಕೆ ಹಗುರವಾದದ್ದು ಹಾರಿಸುವುದಕ್ಕೆ ಕಷ್ಟ ಎಂದು ನಾನು ಪ್ರತಿಯೊಬ್ಬರಿಗೂ ಹೇಳುತ್ತಿದ್ದೆ. ಮೈಯಲ್ಲಿ ತೂಕವಿಲ್ಲದ ಪಿಸ್ತೂಲು ಕೈಯಲ್ಲಿ ಕೊಸರುವ ಹಸುವಿನ ಹಾಗೆ ಒದೆಯುತ್ತದೆ. ಕೇಳುವವರು ಕಡಿಮೆ. ಮೂರು ಸುತ್ತು ಹಾರಿಸಿ ಅಂಗೈ ಉಜ್ಜಿಕೊಳ್ಳುತ್ತ ವಾಪಸ್ಸು ಬರುವವರೇ ಹೆಚ್ಚು.

ಗೇದರ್ ಹಾಗಿರಲಿಲ್ಲ. ಅವನು ಕೆಲಸಕ್ಕೆ ಸೇರಿ ನಾಲ್ಕು ವರ್ಷವಾದರೂ ಎರಡನೆಯ ಪಿಸ್ತೂಲು ಕೊಂಡಿರಲಿಲ್ಲ. ಪೊಲೀಸ್ ಆಗುವ ಮೊದಲು ಶಾಲಾ ಬಸ್ಸು ಓಡಿಸುತ್ತಿದ್ದ. ಆರಡಿ ಮೂರಂಗುಲದ ಆಳು, ಮೊರದಂಥ ಅಂಗೈ, ಮಾತು ಮಾತ್ರ ಮೆಲ್ಲಗೆ. ಡ್ಯೂಟಿ ಮುಗಿದ ಕೂಡಲೇ ಪಿಸ್ತೂಲನ್ನು ಠಾಣೆಯ ಕಪಾಟಿನಲ್ಲಿಟ್ಟು ಬೀಗ ಹಾಕಿ ಬರಿಗೈಯಲ್ಲಿ ಮನೆಗೆ ಹೋಗುತ್ತಿದ್ದ. ಹೆಂಡತಿ ಜನೀಸ್ ಶಾಲೆಯೊಂದರಲ್ಲಿ ನರ್ಸ್. ಮನೆಯಲ್ಲಿ ಬಂದೂಕು ಬೇಡವೆಂದು ಮದುವೆಗೆ ಮೊದಲೇ ಅವಳು ಮಾತು ತೆಗೆದುಕೊಂಡಿದ್ದಳಂತೆ.

ಆ ವರ್ಷ ಏಪ್ರಿಲ್‌ನಲ್ಲಿ ಅವನು ನನ್ನನ್ನು ಹುಡುಕಿಕೊಂಡು ಬಂದ. ಹಿಂದೊಮ್ಮೆ ಅವನ ಕೈಯಲ್ಲಿ ಸಿಕ್ಕಿಬಿದ್ದು ಜೈಲು ಕಂಡ ಒಬ್ಬ, ಬಿಡುಗಡೆಯಾದ ಮೇಲೆ ಅವನ ಮಗಳ ಶಿಶುವಿಹಾರದ ಬೇಲಿಯ ಬಳಿ ಬಂದು ನಿಂತಿದ್ದನಂತೆ. ಮಗಳು ಐರಿಸ್‌ಗೆ ಆಗ ನಾಲ್ಕು ವರ್ಷ. ಕರೆದುಕೊಂಡು ಹೋಗಲು ಬಂದ ಗೇದರ್‌ನನ್ನು ನೋಡಿ ಆ ಮನುಷ್ಯ ನಕ್ಕು, ಮಗಳು ಚೆನ್ನಾಗಿದ್ದಾಳೆ ಎಂದು ಹೇಳಿ ಹೊರಟುಹೋಗಿದ್ದ. ಅಷ್ಟೇ. ಅದಕ್ಕೆ ಯಾವ ಕಾನೂನಿನಲ್ಲೂ ಕೇಸು ಇಲ್ಲ.

"ಜನೀಸ್‌ಗೆ ಇಷ್ಟ ಇಲ್ಲ ಸಾರ್ಜೆಂಟ್. ನಿಜ ಹೇಳ್ಬೇಕಂದ್ರೆ ನನಗೂ ಇಲ್ಲ," ಎಂದ. "ಆದ್ರೆ ಅವನು ಅಲ್ಲಿ ನಿಂತಿದ್ದನ್ನ ಕಂಡ ಮೇಲೆ, ಮಗೂನ ಕರ್ಕೊಂಡು ಅಂಗಡಿಗೆ ಹೋದ್ರೂ ಹಿಂದೆ ತಿರುಗಿ ತಿರುಗಿ ನೋಡ್ತೀನಿ."

ನಾವು ಮೂರು ಮಧ್ಯಾಹ್ನ ಆ ಕೆಲಸಕ್ಕೆ ಕೂತೆವು. ಮೊದಲ ದಿನ ಐದು ಗುಂಡಿನ ಮೋಟು ರಿವಾಲ್ವರ್ ಕೊಟ್ಟೆ. ಅವನ ಕೈಯಲ್ಲಿ ಅದು ಕಾಣಿಸಲೇ ಇಲ್ಲ. ಬೆರಳು ಟ್ರಿಗರ್‌ನ ಬಳೆಯೊಳಗೆ ತುಂಬಿ ಸಿಕ್ಕಿಕೊಳ್ಳುತ್ತಿತ್ತು, ಗುಂಡುಗಳು ಹಲಗೆಯ ತುಂಬ ಚೆಲ್ಲಾಪಿಲ್ಲಿಯಾದವು. ಎರಡನೆಯ ದಿನ ಅಂಗಿಯ ಜೇಬಿನಲ್ಲಿ ಮಾಯವಾಗುವಂಥ ಚಪ್ಪಟೆ ಪಿಸ್ತೂಲು. ಮೊದಲ ಗುಂಡಿಗೇ ಅದರ ಮೇಲಿನ ಭಾಗ ಹಿಂದಕ್ಕೆ ಬಂದು ಅವನ ಹೆಬ್ಬೆರಳಿನ ಸಂದಿಯನ್ನು ಕಚ್ಚಿತು. ರಕ್ತ ಒರೆಸಿಕೊಳ್ಳುತ್ತ ನಿಂತವನಿಗೆ ನಾನು, "ನಿನ್ನ ಕೈ ನೋಡಿದ್ರೆ ಫಿರಂಗಿನೇ ತರಿಸ್ಬೇಕು ಮಗಾ," ಎಂದೆ.

"ತರ್ಸಿ. ಬಚ್ಚಿಡೋಕೆ ನಿಮ್ಮ ಹೊಟ್ಟೆ ಬಾಡಿಗೆಗೆ ಕೊಡಿ," ಎಂದ.

ಮೂರನೆಯ ದಿನ ಸರಿಯಾದದ್ದು ಸಿಕ್ಕಿತು. ಡ್ಯೂಟಿ ಪಿಸ್ತೂಲಿನ ತಂಗಿಯ ಹಾಗಿತ್ತು ಅದು. ನಳಿಗೆಯೂ ಹಿಡಿಯೂ ಒಂದೊಂದು ಬೆರಳಿನಷ್ಟು ಗಿಡ್ಡ, ಉಳಿದದ್ದೆಲ್ಲ ಅದೇ. ಅದೇ ಗುಂಡು, ಗುಂಡು ತುಂಬುವ ಅದೇ ಮ್ಯಾಗಜೀನ್, ಟ್ರಿಗರ್ ಎಳೆದಾಗ ಬೆರಳಿಗೆ ಅದೇ ತೂಕ. ಭಯದ ಹೊತ್ತಿನಲ್ಲಿ ಕೈ ಹೊಸದೇನನ್ನೂ ನೆನಪಿಸಿಕೊಳ್ಳಬೇಕಾಗಿಲ್ಲ. ಅವನು ಐವತ್ತರಲ್ಲಿ ನಲವತ್ತೊಂಬತ್ತು ಹೊಡೆದ. ನನಗೆ ಆದ ಸಂತೋಷ ಹೇಳತೀರದು. ಆಮೇಲೆ ಎಲ್ಲಿ ಕಟ್ಟಿಕೊಳ್ಳಬೇಕು ಎಂಬುದನ್ನೂ ನಾನೇ ತೋರಿಸಿದೆ. ಬಲ ಸೊಂಟದ ಹಿಂಭಾಗಕ್ಕೆ ಒರೆ, ಅದರ ಮುಂದೆಯೇ ಬೆಲ್ಟಿಗೆ ಪೊಲೀಸ್ ಬಿಲ್ಲೆ. ಅಂಗಿ ಎತ್ತಿ ಪಿಸ್ತೂಲು ತೆಗೆದರೆ ಬಿಲ್ಲೆಯೂ ಕಾಣಬೇಕು.

ಅವನು ಹಾಗೆಯೇ ಕಟ್ಟಿಕೊಂಡು ಕನ್ನಡಿಯಲ್ಲಿ ನೋಡಿಕೊಂಡ.

"ಒಂದು ಕೇಳ್ಲಾ ಸಾರ್ಜೆಂಟ್? ಯೂನಿಫಾರ್ಮ್ ಇಲ್ದೆ ಇದನ್ನ ಕೈಲಿ ಹಿಡ್ಕೊಂಡು ನಿಂತಿದ್ದಾಗ ನಮ್ಮವರೇ ಬಂದ್ರೆ, ಅವರ ಕಣ್ಣಿಗೆ ನಾನು ಯಾರ ಥರ ಕಾಣ್ತೀನಿ?"

ಏಕೆ ಕೇಳಿದನೆಂದು ನನಗೆ ಗೊತ್ತಿತ್ತು. ನಮ್ಮ ನಲವತ್ತು ಜನರಲ್ಲಿ ಕರಿಯರು ಮೂರೇ ಜನ. ನನ್ನ ಪ್ರಾಯದ ಬಿಳಿಯನೊಬ್ಬ ಅಂಥ ಪ್ರಶ್ನೆಯನ್ನು ಆದಷ್ಟು ಬೇಗ ದಾಟಿಬಿಡುತ್ತಾನೆ. ನಾನೂ ದಾಟಿದೆ.

"ಇರೋದೇ ನಲವತ್ತು ಜನ. ನಿನ್ನ ಮುಖ ಯಾರಿಗೆ ಗೊತ್ತಿಲ್ಲ? ಬಿಲ್ಲೆ ಕಾಣೋ ಹಾಗಿರ್ಲಿ, ಅವರು ಹೇಳಿದಂಗೆ ಕೇಳು. ಅಷ್ಟೆ," ಎಂದೆ. ಇಲಾಖೆ ಅಚ್ಚು ಹಾಕಿಸಿದ್ದ ಸೂಚನೆಗಳ ಒಂದು ಹಾಳೆ ಕೊಟ್ಟು, ಓದಿದ್ದೇನೆ ಎಂದು ಕೆಳಗೆ ಸಹಿ ಹಾಕಿಸಿಕೊಂಡೆ. ಯಾವ ಪಿಸ್ತೂಲು ಎಂಬುದಕ್ಕೆ ಮೂರು ಮಧ್ಯಾಹ್ನ ಕಳೆದಿದ್ದೆವು. ಅದನ್ನು ಹೊರಗೆ ತೆಗೆದ ಮೇಲೆ ಏನು ಎಂಬುದಕ್ಕೆ ಅರ್ಧ ನಿಮಿಷ.

ಆಗಸ್ಟ್‌ನ ಒಂದು ಶನಿವಾರ, ಬೆಳಗ್ಗೆ ಹನ್ನೊಂದರ ಹೊತ್ತು. ಐರಿಸ್‌ಗೆ ಕಿವಿನೋವು. ಗೇದರ್ ನೀಲಿ ಅಂಗಿ ತೊಟ್ಟು ಹೆಂಡತಿ ಮಗಳೊಂದಿಗೆ ಕಾರಿನಲ್ಲಿ ಔಷಧದ ಅಂಗಡಿಗೆ ಬಂದ. ಅವರಿಬ್ಬರನ್ನೂ ಕಾರಿನಲ್ಲೇ ಕೂರಿಸಿ, ಎರಡು ನಿಮಿಷ ಎಂದು ಒಳಗೆ ಹೋದ. ಒಳಗೆ ಕೌಂಟರಿನ ಬಳಿ ಸೊರಗಿದ ಯುವಕನೊಬ್ಬ ಉದ್ದನೆಯ ಚಾಕುವನ್ನು ಔಷಧ ಕೊಡುವ ಹೆಂಗಸಿನ ಕುತ್ತಿಗೆಗೆ ಹಿಡಿದು, ನೋವಿನ ಮಾತ್ರೆಗಳ ಡಬ್ಬಿಗಳನ್ನು ಕೇಳುತ್ತಿದ್ದ. ನಮ್ಮ ಊರಲ್ಲಿ ಆ ಮಾತ್ರೆಗಳಿಗಾಗಿ ಮನೆಮಾರು ಕಳೆದುಕೊಂಡವರು ಬೇಕಾದಷ್ಟು ಜನ.

ಅಂಗಡಿಯ ಕ್ಯಾಮೆರಾದಲ್ಲಿ ಎಲ್ಲವೂ ಇದೆ. ಎಷ್ಟು ಸಲ ನೋಡಿದೆನೋ ಲೆಕ್ಕವಿಲ್ಲ. ಗೇದರ್ ಅಂಗಿ ಎತ್ತಿ ಪಿಸ್ತೂಲು ತೆಗೆಯುತ್ತಾನೆ. ಅವನ ಬಾಯಿ ಆಡುವುದು ಕಾಣುತ್ತದೆ. ಪೊಲೀಸ್ ಎಂದು ಹೇಳಿದನೆಂದು ಔಷಧದ ಹೆಂಗಸು, ಮಿಸೆಸ್ ಹ್ಯಾಡಿಕ್ಸ್, ಆಮೇಲೆ ಹೇಳಿದರು. ಯುವಕ ಚಾಕು ಎಸೆದು ನೆಲದ ಮೇಲೆ ಮಲಗುತ್ತಾನೆ. ಒಂದು ಗುಂಡೂ ಹಾರಲಿಲ್ಲ, ಯಾರಿಗೂ ಗೀರು ಕೂಡ ಆಗಲಿಲ್ಲ. ಠಾಣೆಗೆ ಫೋನ್ ಮಾಡಿ, ರಜೆಯಲ್ಲಿರುವ ಪೊಲೀಸ್ ಒಬ್ಬ ಇಲ್ಲಿದ್ದಾನೆ, ನೀಲಿ ಅಂಗಿ ಎಂದು ಹೇಳಿ ಎಂದು ಗೇದರ್ ಮಿಸೆಸ್ ಹ್ಯಾಡಿಕ್ಸ್‌ಗೆ ಹೇಳಿದ. ಅವರು ಹಾಗೆಯೇ ಮಾಡಿದರು.

ಆದರೆ ಅದಕ್ಕೂ ಮೊದಲೇ ಬಾಗಿಲ ಬಳಿಯಿದ್ದ ಗಿರಾಕಿಯೊಬ್ಬ ಹೊರಗೆ ಓಡಿ ಫೋನ್ ಮಾಡಿದ್ದ. ಔಷಧದಂಗಡಿಯಲ್ಲಿ ಬಂದೂಕು ಹಿಡಿದಿರುವ ಒಬ್ಬ ಕರಿಯ, ದೈತ್ಯನ ಹಾಗಿದ್ದಾನೆ, ಎಂದಿದ್ದ. ಅವನು ಸುಳ್ಳೇನೂ ಹೇಳಲಿಲ್ಲ. ಕಂಡದ್ದನ್ನೇ ಹೇಳಿದ. ಎರಡು ಫೋನುಗಳನ್ನು ಇಬ್ಬರು ಬೇರೆ ಬೇರೆ ಎತ್ತಿಕೊಂಡರು. ಎರಡನೆಯ ಸುದ್ದಿ ರೇಡಿಯೋದಲ್ಲಿ ಬರುವ ಹೊತ್ತಿಗೆ ಪಕ್ಕದ ಬೀದಿಯಲ್ಲಿದ್ದ ಲಿಂಡ್‌ಕ್ವಿಸ್ಟ್ ಆಗಲೇ ಅಂಗಡಿಯ ಒಳಗಿದ್ದ.

ಕೋರಿ ಲಿಂಡ್‌ಕ್ವಿಸ್ಟ್‌ಗೆ ಇಪ್ಪತ್ತನಾಲ್ಕು ವರ್ಷ. ಕೆಲಸಕ್ಕೆ ಸೇರಿ ಹದಿನಾಲ್ಕು ತಿಂಗಳು. ಇಂಥ ಕಡೆ ಮುಂಬಾಗಿಲಿನಿಂದ ನುಗ್ಗಬೇಡ ಎಂದು ನಾನು ಕಲಿಸಿದ್ದೆ. ಅದರಂತೆ ಅವನು ಹಿಂಬಾಗಿಲಿನಿಂದ, ಸಾಮಾನಿನ ಕೋಣೆ ದಾಟಿ ಬಂದ. ಅವನಿಗೆ ಕಂಡದ್ದು ಒಬ್ಬ ಭಾರೀ ಆಳಿನ ಬೆನ್ನು ಮತ್ತು ಎಡಮಗ್ಗುಲು, ಮುಂದಕ್ಕೆ ಚಾಚಿದ ಪಿಸ್ತೂಲು, ನೆಲದ ಮೇಲೆ ಬಿದ್ದ ಒಬ್ಬ, ಅಳುತ್ತಿರುವ ಒಬ್ಬ ಹೆಂಗಸು. ಬಿಲ್ಲೆ ಇದ್ದದ್ದು ಬಲಗಡೆ.

"ಪಿಸ್ತೂಲ್ ಬಿಡು," ಎಂದು ಕೂಗಿದ.

ಗೇದರ್ ಆ ದನಿಯನ್ನು ಗುರುತಿಸಿದ. ತಿಂಗಳ ಹಿಂದೆಯಷ್ಟೇ ಆ ಹುಡುಗ ಅವನ ಮನೆಯ ಹಿತ್ತಲಿನಲ್ಲಿ ಕೂತು ಕೆಂಡದಲ್ಲಿ ಸುಟ್ಟ ಮಾಂಸ ತಿಂದು, ಐರಿಸ್‌ಳನ್ನು ಹೆಗಲ ಮೇಲೆ ಹೊತ್ತು ಕುಣಿದಿದ್ದ. ಪರಿಚಯದ ದನಿ ಕೇಳಿದರೆ ಯಾರಾದರೂ ಮಾಡುವುದನ್ನೇ ಗೇದರ್ ಮಾಡಿದ. ಕೋರಿ ಎನ್ನುತ್ತ ತಿರುಗಿದ. ಮೈ ತಿರುಗಿದಾಗ ಕೈಯೂ ತಿರುಗಿತು.

ಎರಡು ಗುಂಡು. ಒಂದು ಬಲ ಮಣಿಕಟ್ಟಿನ ಮೂಳೆಗಳನ್ನು ಪುಡಿಮಾಡಿತು. ಇನ್ನೊಂದು ಪಕ್ಕೆಲುಬಿನ ಕೆಳಗೆ ಹೊಕ್ಕಿತು.

ಸದ್ದು ಕೇಳಿ ಜನೀಸ್ ಮಗುವನ್ನು ಕಾರಿನಲ್ಲೇ ಬಿಟ್ಟು ಓಡಿಬಂದಳು. ಗಂಡ ನೆಲದ ಮೇಲಿದ್ದ. ಅವನ ಪಕ್ಕದಲ್ಲಿ ಯೂನಿಫಾರ್ಮ್ ತೊಟ್ಟ ಕೋರಿ ಮಂಡಿಯೂರಿ, ಒಂದೇ ಸಮನೆ ಡೆಸ್, ಡೆಸ್ ಎನ್ನುತ್ತಿದ್ದ. ಅವಳು ನರ್ಸ್. ಅಂಗಿಯ ಮೇಲೆ ತೊಟ್ಟಿದ್ದ ತೆಳು ಮೇಲಂಗಿ ಕಿತ್ತು ಮುದ್ದೆ ಮಾಡಿ ಗಂಡನ ಹೊಟ್ಟೆಗೆ ಒತ್ತಿ ಹಿಡಿದಳು. ಆ ಹುಡುಗನಿಗೆ ಮಣಿಕಟ್ಟು ಹಿಡಿಯಲು ಹೇಳಿದಳು.

"ಗಟ್ಟಿಯಾಗಿ ಒತ್ತು. ಇನ್ನೂ ಗಟ್ಟಿಯಾಗಿ. ನಾನು ಹೇಳೋವರೆಗೂ ಬಿಡ್ಬೇಡ."

ಅವನು ಬಿಡಲಿಲ್ಲ. ಆಂಬುಲೆನ್ಸ್ ಬರುವವರೆಗೆ ಒಂಬತ್ತು ನಿಮಿಷ ಇಬ್ಬರೂ ಎದುರುಬದುರು ಕೂತು ಒತ್ತಿ ಹಿಡಿದಿದ್ದರು. ಚೆನ್ನಾಗಿ ಹಿಡಿದೆ ಎಂದು ಅವಳು ಅವನಿಗೆ ಹೇಳಿದ್ದಳಂತೆ. ಗುಂಡು ಹಾರಿಸಿದವನು ಅವನೇ ಎಂದು ಅವಳಿಗೆ ತಿಳಿದದ್ದು ಆಸ್ಪತ್ರೆಯಲ್ಲಿ. ತಿಳಿಸಿದವನು ನಾನು. ಅವಳು ತನ್ನ ಕೈಗಳನ್ನು ನೋಡಿಕೊಂಡಳು, ಎದ್ದು ತೊಳೆದುಕೊಳ್ಳಲು ಹೋದಳು. ತುಂಬ ಹೊತ್ತು ಬರಲಿಲ್ಲ.

ಲಿಂಡ್‌ಕ್ವಿಸ್ಟ್ ಕಾರಿಡಾರಿನ ಕೊನೆಯಲ್ಲಿ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದ. ನಾನು ಹತ್ತಿರ ಹೋದಾಗ ತಲೆ ಎತ್ತಿ, "ನೀವು ಹೇಳ್ಕೊಟ್ಟ ಹಾಗೇ ಮಾಡ್ದೆ ಸಾರ್ಜೆಂಟ್," ಎಂದ. ದೂರುವ ದನಿ ಅದಲ್ಲ. ಪಾಠ ಒಪ್ಪಿಸುವ ಹುಡುಗನ ದನಿ. ಹೌದು ಎಂದೆ.

ಗೇದರ್ ಬದುಕಿಕೊಂಡ. ಸೆಪ್ಟೆಂಬರ್‌ನಲ್ಲಿ ವಿಚಾರಣೆ ನಡೆಯಿತು. ಮೂರು ಜನರ ಸಮಿತಿ ಮೇಜಿನ ಆಚೆ, ನಾನು ಈಚೆ. ಪಿಸ್ತೂಲು ಸರಿಯಾದದ್ದೇ ಎಂದು ಕೇಳಿದರು, ಹೌದು ಎಂದೆ. ಗೇದರ್‌ಗೆ ತರಬೇತಿ ಆಗಿತ್ತೇ? ಆಗಿತ್ತು. ಲಿಂಡ್‌ಕ್ವಿಸ್ಟ್ ಹಿಂದಿನಿಂದ ಬಂದದ್ದು, ಕೂಗಿದ್ದು, ಹಾರಿಸಿದ್ದು ತರಬೇತಿಯ ಪ್ರಕಾರವೇ? ಹೌದು. ಆಮೇಲೆ ಒಬ್ಬರು ಆ ಹಾಳೆಯನ್ನು ತೆಗೆದು ಆರನೆಯ ಸಾಲನ್ನು ಓದಿದರು. ಸಮವಸ್ತ್ರವಿಲ್ಲದ ಅಧಿಕಾರಿ ದನಿ ಬಂದ ಕಡೆ ತಿರುಗಬಾರದು, ಕೈಯಲ್ಲಿರುವುದನ್ನು ಕೂಡಲೇ ಕೆಳಗೆ ಬಿಡಬೇಕು. ಕೆಳಗೆ ಗೇದರ್‌ನ ಸಹಿ. ಇದನ್ನು ಗುಂಡು ಹಾರಿಸುವ ಮೈದಾನದಲ್ಲಿ ಅಭ್ಯಾಸ ಮಾಡಿಸಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ. ಮಾಡಿಸಬೇಕೆಂಬ ನಿಯಮವಿದೆಯೇ? ಇಲ್ಲ. ಸರಿ ಎಂದು ಪುಟ ತಿರುವಿದರು.

ನಾನು ಅಲ್ಲಿಗೆ ಬಿಡಲಾರದೆ, ಏಪ್ರಿಲ್‌ನಲ್ಲಿ ಅವನು ಕನ್ನಡಿಯೆದುರು ನಿಂತು ಒಂದು ಪ್ರಶ್ನೆ ಕೇಳಿದ್ದ, ಅದನ್ನು ಹೇಳಬೇಕು ಎಂದೆ. ಸಮಿತಿಯಲ್ಲಿದ್ದ ವಕೀಲೆ ಒಳ್ಳೆಯ ಹೆಂಗಸು. ಅರ್ಥವಾಗುತ್ತೆ ಸಾರ್ಜೆಂಟ್, ಆದರೆ ಅದು ಈ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಮೃದುವಾಗಿಯೇ ಹೇಳಿದರು. ನಾನು ಎದ್ದು ಹೊರಗೆ ಬಂದೆ. ಯಾರದೂ ತಪ್ಪಿಲ್ಲ ಎಂದು ವರದಿ ಬಂತು. ನನ್ನ ತಪ್ಪು ಎಂದಾದರೂ ಬರೆಯಬಹುದಿತ್ತು. ಅದನ್ನು ಹೊತ್ತುಕೊಂಡು ಮನೆಗೆ ಹೋಗುತ್ತಿದ್ದೆ.

ಅಕ್ಟೋಬರ್‌ನಲ್ಲಿ ಲಿಂಡ್‌ಕ್ವಿಸ್ಟ್ ಕೆಲಸಕ್ಕೆ ಮರಳಬೇಕಾಯಿತು. ಅದಕ್ಕೆ ಮೊದಲು ನನ್ನೆದುರು ಮತ್ತೆ ಐವತ್ತು ಗುಂಡು ಹಾರಿಸಬೇಕು, ನಲವತ್ತಾದರೂ ತಾಗಬೇಕು. ಮ್ಯಾಗಜೀನ್ ತುಂಬುವಾಗ ಅವನು ಎರಡು ಸಲ ಗುಂಡು ಕೆಳಗೆ ಬೀಳಿಸಿದ. ಫೇಲಾಗಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಫೇಲಾದರೆ ಒಂದಷ್ಟು ತಿಂಗಳು ತಡೆಹಿಡಿಯಬಹುದಿತ್ತು. ಟ್ರಿಗರ್ ಮೇಲೆ ಬೆರಳಿಟ್ಟ ಕೂಡಲೇ ಕೈ ಕಲ್ಲಿನಂತಾಯಿತು. ನಲವತ್ತಾರು.

"ಪಾಸು," ಎಂದೆ.

ಅವನು ಬೆಂಚಿನ ಮೇಲೆ ಕುಸಿದು ಕೂತ. "ತಪ್ಪಿಸ್ಬೇಕು ಅಂತ್ಲೇ ಬಂದಿದ್ದೆ ಸಾರ್ಜೆಂಟ್. ಬೇಕಂತ ತಪ್ಪಿಸೋಕೂ ಆಗ್ಲಿಲ್ಲ. ಕೈ ಕೇಳ್ತಾನೇ ಇಲ್ಲ."

"ಹಾಗಿದ್ರೆ ಕೆಲಸ ಬಿಟ್ಬಿಡು ಮಗಾ."

"ಬಿಟ್ಟು? ಮನೇಲಿ ಕೂತ್ರೂ ಅದೇ ಅಂಗಡೀಲಿ ನಿಂತಿರ್ತೀನಲ್ಲ."

ನಾನು ಕಾಗದಕ್ಕೆ ಸಹಿ ಹಾಕಿದೆ. ಹಾಕದಿರಲು ನನ್ನ ಬಳಿ ಯಾವ ಕಾರಣವೂ ಇರಲಿಲ್ಲ.

ಅದೇ ತಿಂಗಳ ಕೊನೆಗೆ ಗೇದರ್ ಕೂಡ ಕೆಲಸಕ್ಕೆ ಬಂದ. ಮೂರು ಆಪರೇಷನ್ ಆಗಿ ಹೊಟ್ಟೆ ವಾಸಿಯಾಗಿತ್ತು. ಬಲಗೈ ಬೆರಳುಗಳನ್ನು ಮಾತ್ರ ಮಡಚಲು ಆಗುತ್ತಿರಲಿಲ್ಲ. ಚೀಫ್ ಅವನಿಗೆ ಕಾಗದಪತ್ರಗಳ ವಿಭಾಗದಲ್ಲಿ ಕುರ್ಚಿ ಕೊಟ್ಟರು. ವರದಿಗಳನ್ನು ತಂದುಕೊಡುವವರೆಲ್ಲ ಅವನ ಕಿಟಕಿಗೇ ಬರಬೇಕು, ಲಿಂಡ್‌ಕ್ವಿಸ್ಟ್ ಕೂಡ. ಇಬ್ಬರೂ ಗುಡ್ ಮಾರ್ನಿಂಗ್ ಎನ್ನುತ್ತಿದ್ದರು. ಗೇದರ್ ಎಡಗೈಯಲ್ಲಿ ನಿಧಾನವಾಗಿ ಮುದ್ರೆ ಒತ್ತುವವರೆಗೆ ಆ ಹುಡುಗ ತಲೆ ತಗ್ಗಿಸಿ ಕಾಯುತ್ತಿದ್ದ. ಗೇದರ್ ಹೊರಗೆ ಹೋಗುವಾಗ ಎಲ್ಲಿದ್ದರೂ ಓಡಿಬಂದು ಬಾಗಿಲು ಹಿಡಿಯುತ್ತಿದ್ದ. ಥ್ಯಾಂಕ್ಸ್ ಎಂದು ಗೇದರ್ ದಾಟುತ್ತಿದ್ದ. ಠಾಣೆಯಲ್ಲಿ ಅದನ್ನು ನೋಡಲಾರದೆ ನಾವೆಲ್ಲ ಆ ಹೊತ್ತಿಗೆ ಏನಾದರೊಂದು ಕೆಲಸ ಹುಡುಕಿಕೊಂಡು ಎದ್ದುಹೋಗುತ್ತಿದ್ದೆವು. ಅವರು ಒಮ್ಮೆ ಜಗಳವಾಡಿದ್ದರೆ, ಹೊಡೆದಾಡಿದ್ದರೆ ಚೆನ್ನಾಗಿತ್ತು.

ನವೆಂಬರ್‌ನಲ್ಲಿ ಗೇದರ್ ನನ್ನನ್ನು ಮನೆಗೆ ಕರೆದ. ಜನೀಸ್ ಕಾಫಿ ಕೊಟ್ಟಳು. ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಆ ಪಿಸ್ತೂಲು ಇತ್ತು. ವಿಚಾರಣೆ ಮುಗಿದ ಮೇಲೆ, ಅವನ ಸ್ವಂತದ್ದೆಂದು ಠಾಣೆಯವರು ಹಿಂದಿರುಗಿಸಿದ್ದರು. ಇದನ್ನು ತೆಗೆದುಕೊಂಡು ಹೋಗಲು ಕರೆದಿರಬೇಕು ಎಂದುಕೊಂಡೆ. ಜನೀಸ್ ಕೂಡ ಹಾಗೆಯೇ ಎಂದುಕೊಂಡಿದ್ದಳು ಎಂದು ಆಮೇಲೆ ತಿಳಿಯಿತು.

"ಇದ್ರ ಮೇಲಿನ ಭಾಗ ಎಳೆಯೋಕೆ ಎರಡು ಕೈ ಬೇಕು," ಎಂದ ಗೇದರ್. "ನನಗೀಗ ಎಡಗೈ ಒಂದೇ. ಒಂದೇ ಕೈಗೆ ಯಾವುದು ಸರಿಹೋಗುತ್ತೆ ಸಾರ್ಜೆಂಟ್?"

ಜನೀಸ್ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟಳು. ನಾನು ಮಾತು ತಿರುಗಿಸಲು ನೋಡಿದೆ. ಶಿಶುವಿಹಾರದ ಬೇಲಿಯ ಬಳಿ ನಿಂತಿದ್ದವನು ಜೂನ್‌ನಿಂದ ಪಕ್ಕದ ಜಿಲ್ಲೆಯ ಜೈಲಿನಲ್ಲಿದ್ದಾನೆ, ಇನ್ನು ಎಂಟು ವರ್ಷ ಬರುವುದಿಲ್ಲ ಎಂದೆ.

"ಇನ್ನೊಬ್ಬ ಬರ್ತಾನೆ."

"ಡೆಸ್, ಸಾಕು," ಎಂದಳು ಜನೀಸ್.

"ಈಗ ನನಗೆ ಯಾರನ್ನೂ ಹಿಡಿಯೋಕಾಗಲ್ಲ, ಹೊಡೆಯೋಕಾಗಲ್ಲ. ಮಗೂನ ಎತ್ಕೊಳ್ಳೋಕೂ ಆಗಲ್ಲ ಜನೀಸ್. ಬರಿಗೈಲಿ ಹೇಗೆ ಹೊರಗೆ ಹೋಗ್ಲಿ?" ಎಂದು ನನ್ನ ಕಡೆ ತಿರುಗಿದ. "ಹೇಳಿ."

ನನಗೆ ಉತ್ತರ ಗೊತ್ತಿತ್ತು. ಕೇಳಿದ ಕ್ಷಣವೇ ಮನಸ್ಸಿನಲ್ಲಿ ಮೂಡಿತ್ತು, ಹನ್ನೆರಡು ವರ್ಷದ ಅಭ್ಯಾಸ. ಏನನ್ನೂ ಎಳೆಯಬೇಕಾಗಿಲ್ಲದ ಮಧ್ಯಮ ಗಾತ್ರದ ರಿವಾಲ್ವರ್, ದಪ್ಪ ರಬ್ಬರಿನ ಹಿಡಿ, ಮೆತ್ತಗಿನ ಗುಂಡು, ಎಡ ಸೊಂಟಕ್ಕೆ ಒರೆ. ಜನೀಸ್ ನನ್ನನ್ನೇ ನೋಡುತ್ತಿದ್ದಳು. ಅವನೂ ನೋಡುತ್ತಿದ್ದ. ಆರಿಸಿಕೊಟ್ಟರೆ ಮತ್ತೆ ಏನಾಗಬಹುದು ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಕೊಡದಿದ್ದರೆ ಅವನು ಮಗಳನ್ನು ಕರೆದುಕೊಂಡು ಹೊರಗೆ ಕಾಲಿಡುವುದಿಲ್ಲ ಎಂಬುದೂ ಕಾಣುತ್ತಿತ್ತು.

"ನನಗೆ ಗೊತ್ತಿಲ್ಲ," ಎಂದೆ.

"ಗೊತ್ತು ನಿಮಗೆ. ಹೇಳ್ತಿಲ್ಲ ಅಷ್ಟೆ," ಎಂದ. ಸಿಟ್ಟೇನೂ ಇರಲಿಲ್ಲ. ಚೀಲವನ್ನು ಮಡಿಸಿ ಎಡಗೈಯಿಂದ ನನ್ನ ಕಡೆ ತಳ್ಳಿದ. ನಾನು ತೆಗೆದುಕೊಂಡು ಬಂದೆ. ಬಾಗಿಲವರೆಗೂ ಯಾರೂ ಬರಲಿಲ್ಲ.

ಡಿಸೆಂಬರ್ ಮೊದಲ ವಾರ ಅವನು ಕೆಲಸ ಬಿಟ್ಟ. ಟೊಲೀಡೋದಲ್ಲಿ ಜನೀಸ್‌ಳ ಅಣ್ಣನಿದ್ದ. ಅವರು ಊರು ಬಿಡುವ ಭಾನುವಾರ ನಾನು ಸಾಮಾನು ಹೊರಿಸಲು ಹೋದೆ. ಕರೆದಿರಲಿಲ್ಲ. ಬೇಡ ಎಂದೂ ಹೇಳಲಿಲ್ಲ. ದೊಡ್ಡ ಸಾಮಾನೆಲ್ಲ ಹಿಂದಿನ ದಿನವೇ ಹೋಗಿತ್ತು. ಮಗುವಿನ ಮಂಚ, ಎರಡು ಕುರ್ಚಿ, ಕೆಲವು ಪೆಟ್ಟಿಗೆಗಳನ್ನು ಕಾರಿನ ಹಿಂದೆ ಸಿಕ್ಕಿಸಿದ್ದ ಸಣ್ಣ ಗಾಡಿಗೆ ಏರಿಸಿದೆವು. ಐರಿಸ್ ಟೋಪಿ ಹಾಕಿಕೊಂಡು ಕಾರಿನಲ್ಲಿ ಕೂತು ಕಿಟಕಿಯಿಂದ ನನ್ನನ್ನು ನೋಡುತ್ತಿದ್ದಳು. ನಾನು ಕೈಬೀಸಿದರೆ ಬೀಸಲಿಲ್ಲ.

ಹಗ್ಗ ಕಟ್ಟುವುದೊಂದು ಉಳಿಯಿತು. ಗೇದರ್ ಅದನ್ನು ತಾನೇ ಕಟ್ಟುತ್ತೇನೆ ಎಂದ. ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಬಲ ಮೊಣಕೈಯಿಂದ ಒತ್ತಿ ಹಿಡಿದು, ಎಡಗೈಯಲ್ಲಿ ಸುತ್ತು ಹಾಕತೊಡಗಿದ. ಜಾರಿತು. ಮತ್ತೆ ಹಾಕಿದ. ಚಳಿಗೆ ಅವನ ಬೆರಳುಗಳು ಮರಗಟ್ಟಿದ್ದವು. ನನ್ನ ಕೈ ತಾನಾಗಿ ಮುಂದೆ ಹೋಯಿತು. ಪಕ್ಕದಲ್ಲಿದ್ದ ಜನೀಸ್ ನನ್ನ ತೋಳು ಹಿಡಿದುಕೊಂಡಳು.

"ಬಿಡಿ ಮಿಸ್ಟರ್ ಡ್ರಾಬೆಕ್. ಅವನೇ ಮಾಡ್ಲಿ."

ಕಾಲು ಗಂಟೆಯೇ ಹಿಡಿಯಿತೇನೋ. ಕೊನೆಗೆ ಗಂಟು ಕೂತಿತು. ಅವನು ಅದನ್ನು ಎರಡು ಸಲ ತಟ್ಟಿ ನೋಡಿ, ಬಂದು ನನ್ನ ಭುಜ ಮುಟ್ಟಿ, ಕಾರು ಹತ್ತಿದ. ಜನೀಸ್ ಕಾರು ಓಡಿಸಿದಳು. ಬೀದಿಯ ಕೊನೆಯ ತಿರುವಿನಲ್ಲಿ ಹಗ್ಗ ಸಡಿಲಿ ಒಂದು ಕುರ್ಚಿ ವಾಲಿತು. ಕಾರು ನಿಂತಿತು. ಅವಳೊಬ್ಬಳೇ ಇಳಿದು ಬಂದು, ಗಂಟು ಬಿಚ್ಚಿ, ಬಿಗಿಯಾಗಿ ಮತ್ತೆ ಕಟ್ಟಿದಳು. ಅವನು ಒಳಗೆ ಮುಂದಕ್ಕೆ ನೋಡುತ್ತ ಕೂತಿದ್ದ. ನಾನು ಇದ್ದಲ್ಲೇ ನಿಂತಿದ್ದೆ. ಅವಳು ಹತ್ತಿದಳು, ಕಾರು ತಿರುಗಿ ಹೋಯಿತು.